ಭೀಮಾತೀರದ ಹಾಡಿಕೆ: ನಾವು ಮೇಳ ಸೇರಿದ ಕಥೆ



ನಮ್ಮಲ್ಲಿ ಕಲಿತು ಈಗ ಪುಣೆಯಲ್ಲಿ ಕೆಲಸ ಮಾಡುತ್ತಿರುವ ಹುಡುಗನೊಬ್ಬ ಸಂಕ್ರಾಂತಿಯ ಸೂಟಿಗೆ ಊರಿಗೆ ಬಂದಿದ್ದ. ಗುಡಿಯ ಕಟ್ಟೆಯ ಮೇಲೆ ಕೂತು ಮಾತಾಡುವಾಗ ಬಹಳ ಹುರುಪಿನಿಂದ ಹೇಳಿದ: "ಸರ್, ಅಲ್ಲೆ ಓಪನ್ ಮೈಕ್ ಅಂತ ಇರ್ತದ್ರಿ. ಚಹಾದಂಗಡಿಯಂಥಾ ಜಾಗಾ. ನಾವು ಹೆಸರು ಬರಸೂದು, ಅವರು ಐದು ಮಿನಿಟು ಮೈಕ್ ಕೊಡೂದು. ಯಾರ ಬೇಕಾದ್ರೂ ಹಾಡಬಹುದು!"

ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹಿರಿಯ ಹಾಡುಗಾರರು ನಕ್ಕುಬಿಟ್ಟರು. "ಅದರಾಗ ಹೊಸಾದೇನೈತೋ ತಮ್ಮಾ? ಈ ಕಟ್ಟಿ ಮ್ಯಾಲ ನಮ್ಮ ಮುತ್ತ್ಯಾನ ಕಾಲದಿಂದ ಅದ ನಡದೈತಿ. ಐದು ಮಿನಿಟಲ್ಲ, ಕೋಳಿ ಕೂಗೂತನಾ ಕೊಡ್ತೀವಿ. ಹಾಡಾಕ ಗಂಟಲ ಇರಬೇಕು, ಕೇಳಿದ್ದಕ್ಕ ಜವಾಬು ಇರಬೇಕು, ಅಷ್ಟ."

ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಗಡಿಯಾಚೆಯ ನಮ್ಮ ಭಂಡಾರಕವಠೆಯಂಥ ಊರುಗಳಲ್ಲಿ ಕನ್ನಡ ಶಾಲೆಯ ಮಾಸ್ತರರು ಹಾಡಿಕೆಯ ಮೇಳಕ್ಕೆ ಸೇರಿದ್ದು ಹೇಗೆ, ಆ ಮೇಳಗಳ ಹಿಂದಿನ ಇತಿಹಾಸವೇನು, ಅದರಿಂದ ನಮ್ಮ ಮಕ್ಕಳಿಗೆ ಆದ ಲಾಭವೇನು ಎಂಬುದನ್ನು ಈ ಸಲ ಬರೆಯೋಣ ಎನ್ನಿಸಿತು.

ಮೊದಲ ಸಲ ನಾವು ಸೋತದ್ದು

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಜಾತ್ರೆಯ ರಾತ್ರಿ ಹಾಡಿಕೆಗೆ ಶಾಲೆಯ ಎಂಟು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಗ್ಯಾದರಿಂಗಿನಲ್ಲಿ ಬಹುಮಾನ ಪಡೆದ ಹಾಡು, ಇಸ್ತ್ರಿ ಮಾಡಿದ ಯುನಿಫಾರ್ಮು, ಒಂದು ತಿಂಗಳ ತಾಲೀಮು. ಮಕ್ಕಳು ಒಂದು ಸ್ವರವನ್ನೂ ತಪ್ಪಲಿಲ್ಲ. ಆದರೆ ಹಾಡು ಮುಗಿದಾಗ ಚಪ್ಪಾಳೆ ಬರಲಿಲ್ಲ. ಜನ ಸುಮ್ಮನೆ ಕೂತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ "ಮುಂದ?" ಎಂದರು. ಮುಂದೆ ಎಂದರೆ ಏನು ಎಂಬುದೇ ನಮಗೆ ತಿಳಿಯಲಿಲ್ಲ!

ಮರುದಿನ ಅದೇ ಹಿರಿಯರು ನಮ್ಮನ್ನು ಕರೆದು ಹೇಳಿದರು: "ಮಾಸ್ತರ, ಹುಡುಗರ ದನಿ ಛಲೋ ಅದ. ಆದರ ನೀವು ಹಾಡಿ ಹಾಡಿ ಇಳದ ಹೋದ್ರಿ. ಯಾರಿಗೂ ಏನೂ ಕೇಳಲಿಲ್ಲ, ಯಾರಿಗೂ ಜವಾಬ ಕೊಡಲಿಲ್ಲ. ಇಲ್ಲೆ ಹಾಡು ಅಂದ್ರ ಮಾತಾಡಿದಂಗ. ಒಬ್ಬರ ಮಾತಾಡಿದರ ಅದು ಭಾಷಣ ಆಗ್ತದ್ರಿ. ಸೋಮವಾರ ಭಜನಿಗಿ ಬರ್ರಿ. ಮೊದಲ ಕೂಡ್ರಿ, ಆಮ್ಯಾಲ ತಾಳ ಹಿಡೀರಿ, ಹಾಡೂದು ಕಡೀಕ."

ಆ ಸೋಮವಾರದಿಂದ ನಾವು ಹೋಗತೊಡಗಿದೆವು. ಸುಮಾರು ನಾಲ್ಕು ತಿಂಗಳು ನಮ್ಮ ಕೈಗೆ ಬಂದದ್ದು ತಾಳ ಮಾತ್ರ. ಏಕತಾರಿ, ದಮ್ಮಡಿ, ಹಾರ್ಮೋನಿಯಂ, ತಬಲಾ ಎಲ್ಲವೂ ಬೇರೆಯವರ ಕೈಯಲ್ಲಿ. ತಾಳ ಹಾಕುತ್ತಾ ಹಾಕುತ್ತಾ ಒಂದು ಸಂಗತಿ ಅರಿವಾಯಿತು. ಹಾಡು ಬಾಯಿಪಾಠವಾದರೆ ಸಾಲದು. ಅದು ಯಾರ ಪದ, ಯಾವ ಮಟ್ಟು, ಯಾವ ಹೊತ್ತಿಗೆ ಹಾಡಬೇಕು, ಯಾರು ಎತ್ತಿಕೊಂಡ ಮೇಲೆ ಯಾರು ಎತ್ತಿಕೊಳ್ಳಬೇಕು ಎಂಬುದಕ್ಕೆಲ್ಲ ಒಂದು ಕ್ರಮವಿದೆ. ಬರೆದಿಟ್ಟ ಕಾನೂನು ಎಲ್ಲಿಯೂ ಇಲ್ಲ, ಆದರೆ ಮುರಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಆರಂಭಕ್ಕೆ ಗಣಪತಿ, ಗುರುವಿನ ಸ್ತುತಿ. ನಡುರಾತ್ರಿಯ ಹೊತ್ತಿಗೆ ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ವಪದಗಳು. ಬೆಳಗಿನ ಜಾವಕ್ಕೆ ಮಂಗಳ. ಹೊಸಬನಿಗೆ ಎಲ್ಲಕ್ಕಿಂತ ಮೊದಲು ಕಲಿಸುವುದು ಇನ್ನೊಬ್ಬರ ಹಾಡಿಗೆ ಹಿಮ್ಮೇಳ ಕೊಡುವುದನ್ನು.

ಒಂದೇ ದಂಡೆ, ಎರಡು ಭಾಷೆ

ನಮ್ಮ ಊರಿರುವುದು ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಭೀಮಾತೀರದಲ್ಲಿ. ಹೊಳೆ ದಾಟಿದರೆ ವಿಜಯಪುರ ಜಿಲ್ಲೆ. ಇದೇ ಹೊಳೆ ಮೇಲೆ ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಳ್ಳುತ್ತದೆ. ಅಲ್ಲಿಯ ವಿಠ್ಠಲನನ್ನು ಹದಿಮೂರನೆಯ ಶತಮಾನದ ಸಂತ ಜ್ಞಾನದೇವರೇ ಕರ್ನಾಟಕದವನೆಂದು ಹಾಡಿ ಹೊಗಳಿದ್ದಾರೆ. ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲ ನಮ್ಮದೇ ತಾಲ್ಲೂಕಿನಲ್ಲಿದೆ. ಅಲ್ಲಿಯ ಗುಡಿಯಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಮರಾಠಿ ಶಾಸನವಿದ್ದು, ಮರಾಠಿಯ ಅತಿ ಹಳೆಯ ಶಾಸನಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. ಮುಂದಿನ ಶತಮಾನದಲ್ಲಿಯೇ ಸೊನ್ನಲಿಗೆಯ ಸಿದ್ಧರಾಮರು ಕನ್ನಡದಲ್ಲಿ ವಚನ ನುಡಿದರು. ಇಂದಿಗೂ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಅವರ ಜಾತ್ರೆಯ ಏಳು ನಂದಿಧ್ವಜಗಳು ಹೊರಡುತ್ತವೆ. ಹೀಗೆ ಎರಡು ಭಾಷೆಗಳು ಸಾವಿರ ವರ್ಷದಿಂದ ಒಂದೇ ದಂಡೆಯ ಮೇಲೆ ಕೂತಿವೆ. ಒಂದೇ ಜಗಲಿಯ ಮೇಲೆ ಕೂತವರು ಒಬ್ಬರ ಹಾಡನ್ನು ಇನ್ನೊಬ್ಬರು ಕೇಳದೇ ಇರಲಾರರು.

ಇದಕ್ಕೆ ಒಳ್ಳೆಯ ಉದಾಹರಣೆ ಸೊಲ್ಲಾಪುರದ ಶಾಹೀರ ರಾಮ ಜೋಶಿ. ಪೇಶವೆಯರ ಕೊನೆಗಾಲದಲ್ಲಿ, ಹದಿನೆಂಟನೆಯ ಶತಮಾನದ ಉತ್ತರಾರ್ಧ ಮತ್ತು ಹತ್ತೊಂಬತ್ತರ ಆರಂಭದಲ್ಲಿ ಬಾಳಿದವರು. ಶಾಸ್ತ್ರ ಪುರಾಣ ಬಲ್ಲ ಮನೆತನದಲ್ಲಿ ಹುಟ್ಟಿ ತಮಾಷೆಯ ಫಡಕ್ಕೆ ಇಳಿದು ಲಾವಣಿ ಕಟ್ಟಿದರು. ಮರಾಠಿಯ ದೊಡ್ಡ ಲಾವಣಿಕಾರರಲ್ಲಿ ಒಬ್ಬರೆನಿಸಿದ ಅವರು ಸಂಸ್ಕೃತ, ಕನ್ನಡ ಮಾತುಗಳನ್ನು ಬೆರೆಸಿಯೂ ಪದ ಕಟ್ಟಿದ್ದರು. 1947ರಲ್ಲಿ ಅವರ ಮೇಲೆ ಮರಾಠಿಯಲ್ಲಿ ಚಿತ್ರವೂ ಬಂದಿತು. ಬೇರೆ ಬೇರೆ ಭಾಷೆಯ ಕೇಳುಗರು ಒಂದೇ ಫಡದಲ್ಲಿ ಕೂತಿದ್ದಾಗ ಹಾಡುವವನೂ ಎಲ್ಲರ ಕಿವಿಯನ್ನು ಮುಟ್ಟಲೇಬೇಕಲ್ಲವೇ?

ಹರದೇಶಿ ನಾಗೇಶಿ: ಸವಾಲು ಜವಾಬು

ಈಗ ನಮ್ಮ ಭಾಗದ ಗೀಗೀ ಮೇಳಕ್ಕೆ ಬರೋಣ. ಮುಮ್ಮೇಳದ ಹಾಡುಗಾರನ ಕೈಯಲ್ಲಿ ಡಪ್ಪು, ಹಿಂದೆ ಇಬ್ಬರ ಕೈಯಲ್ಲಿ ತುಂತುಣಿ ಮತ್ತು ತಾಳ. ಹಾಡುಗಾರ ನುಡಿ ಬಿಟ್ಟಾಗ ಹಿಮ್ಮೇಳದವರು "ಗೀ ಗೀ" ಎಂದು ಎಳೆದು ಎತ್ತಿಕೊಳ್ಳುತ್ತಾರೆ. ಪದಕ್ಕೆ ಹೆಸರು ಬಂದದ್ದು ಅದರಿಂದಲೇ. ಖರ್ಚು ಕಡಿಮೆ, ಮೂರು ನಾಲ್ಕು ಜನ ಸಾಕು, ವೇಷ ಬೇಕಿಲ್ಲ, ರಂಗಸಜ್ಜಿಕೆ ಬೇಕಿಲ್ಲ. ಆದ್ದರಿಂದಲೇ ರೈತ, ಕೂಲಿಕಾರ, ನೇಕಾರ ಯಾರು ಬೇಕಾದರೂ ಮೇಳ ಕಟ್ಟಬಹುದಾಗಿತ್ತು.

ಲಾವಣಿ ಹಾಡಿಕೆಯಲ್ಲಿ ಎರಡು ಪಕ್ಷಗಳು. ಹರದೇಶಿ ಪಕ್ಷದವರು ಶಿವನನ್ನು, ಪುರುಷತತ್ವವನ್ನು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಶಕ್ತಿಯನ್ನು, ಹೆಣ್ಣನ್ನು ಹೆಚ್ಚೆಂದು ಹಾಡುತ್ತಾರೆ. ತುರಾಯಿ, ಕಲ್ಗಿ ಎಂಬ ಹೆಸರುಗಳೂ ಇವಕ್ಕಿವೆ. ಈ ಎರಡು ಹೆಸರುಗಳ ಹಿಂದೆ ಒಂದು ಕಥೆಯಿದೆ. ತುಕನಗೀರ ಎಂಬ ಗೋಸಾವಿ ಮತ್ತು ಶಾಹಲಿ ಎಂಬ ಫಕೀರ ಇಬ್ಬರೂ ಚಂದೇರಿಯ ರಾಜನ ಮುಂದೆ ವಾದಕ್ಕೆ ನಿಂತು ಹಾಡಿದರಂತೆ. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ರಾಜ ತನ್ನ ಮುಕುಟದಿಂದಲೇ ಒಬ್ಬನಿಗೆ ತುರಾಯಿ, ಇನ್ನೊಬ್ಬನಿಗೆ ಕಲ್ಗಿ ತೆಗೆದುಕೊಟ್ಟನಂತೆ. ಇದು ಕಥೆ, ಇತಿಹಾಸವೆಂದು ನಾವು ವಾದಿಸುವುದಿಲ್ಲ. ಆದರೆ ಮಧ್ಯಪ್ರದೇಶ, ರಾಜಸ್ಥಾನದಿಂದ ಮಹಾರಾಷ್ಟ್ರ, ಕರ್ನಾಟಕದವರೆಗೆ ಹಾಡುಗಾರರಲ್ಲಿ ಈ ಎರಡು ಪಕ್ಷಗಳು ಇರುವುದಂತೂ ನಿಜ. ವಾದದ ಎರಡು ಕಡೆಯನ್ನೂ ಒಂದೇ ಮುಕುಟದ ಆಭರಣವೆಂದು ಕಂಡ ಆ ಕಥೆಯ ಬುದ್ಧಿ ನಮಗೆ ಬಹಳ ಹಿಡಿಸುತ್ತದೆ.

ಇಡೀ ರಾತ್ರಿ ನಡೆಯುವ ವಾದದಲ್ಲಿ ಒಂದು ಮೇಳ ಒಗಟಿನಂಥ ಪ್ರಶ್ನೆಯನ್ನು ಹಾಡಿನಲ್ಲಿ ಇಡುತ್ತದೆ. ಇನ್ನೊಂದು ಮೇಳ ಅದೇ ಮಟ್ಟಿನಲ್ಲಿ ಉತ್ತರ ಕೊಟ್ಟು ತನ್ನ ಪ್ರಶ್ನೆಯನ್ನು ಇಡಬೇಕು. ಪುರಾಣ, ಶರಣರ ಕಥೆ, ಲೆಕ್ಕ, ಲೋಕವ್ಯವಹಾರ ಎಲ್ಲವೂ ಬೇಕು. ಶಾಲೆಯ ಮೆಟ್ಟಿಲು ಹತ್ತದವರೂ ಬಸವಪುರಾಣ, ಜೈಮಿನಿ ಭಾರತದ ಕಥೆಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡದ್ದು ಇದರಿಂದ. ತೀರ್ಪು ಕೊಡಲು ಬೇರೆ ಪರೀಕ್ಷಕರಿಲ್ಲ, ಕೂತ ಜನರೇ ಪರೀಕ್ಷಕರು. ನಮ್ಮ ಮಕ್ಕಳ ಹಾಡಿಗೆ ಯಾರೋ "ಮುಂದ?" ಎಂದದ್ದರ ಅರ್ಥ ನಮಗೆ ಆಗ ಹೊಳೆಯಿತು. ಅವರು ನಮ್ಮ ಪ್ರಶ್ನೆಗಾಗಿ ಕಾಯುತ್ತಿದ್ದರು!

ಡೊಳ್ಳಿನ ಹಾಡಿಕೆಯಲ್ಲಿಯೂ ಇದೇ ಪದ್ಧತಿ. ಬೀರಲಿಂಗೇಶ್ವರ, ಮಾಳಿಂಗರಾಯ, ಅಮೋಘಸಿದ್ಧರ ಕಥೆಗಳನ್ನು ಹಾಲುಮತದ ಹಾಡುಗಾರರು ಡೊಳ್ಳಿನ ಮೇಲೆ ಹಾಡುತ್ತಾರೆ. ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ನಡೆಯುವ ಮಾಳಿಂಗರಾಯನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಪಲ್ಲಕ್ಕಿಗಳು ಬಂದು ಭಂಡಾರದಲ್ಲಿ ಮುಳುಗೇಳುವುದನ್ನು ನೋಡಿದವರಿಗೆ ಗಡಿ ಎಲ್ಲಿದೆ ಎಂದು ಹುಡುಕುವುದೇ ಕಷ್ಟವಾಗುತ್ತದೆ. ಮೊಹರಮ್ಮಿನಲ್ಲಿ ಹೆಜ್ಜೆ ಹಾಕುತ್ತ ಕರ್ಬಲದ ಕಥೆಯನ್ನು ಕನ್ನಡದಲ್ಲಿಯೇ ಹಾಡುವ ರಿವಾಯತದವರನ್ನೂ ಇಲ್ಲಿ ನೆನೆಯಬೇಕು. ಆ ಮೇಳಗಳಲ್ಲಿ ಜಾತಿ ಧರ್ಮ ಕೇಳಿ ಯಾರನ್ನೂ ಸೇರಿಸಿಕೊಂಡದ್ದನ್ನು ನಾವು ಕಂಡಿಲ್ಲ.

ಹೊಳೆಯಾಚೆಯ ಗೆಳೆಯರು

ಮಾಸ್ತರರಿಗೆ ಹಾಡಿಕೆ ಏಕೆ ಎಂದು ಕೇಳುವವರಿಗೆ ನಾವು ಹಲಸಂಗಿಯ ಕಥೆ ಹೇಳುತ್ತೇವೆ. ಹಲಸಂಗಿ ಭೀಮೆಯ ಆಚೆ, ಮೊದಲು ಇಂಡಿ ತಾಲ್ಲೂಕಿನಲ್ಲಿದ್ದ, ಈಗ ಚಡಚಣ ತಾಲ್ಲೂಕಿಗೆ ಸೇರಿದ ಸಣ್ಣ ಹಳ್ಳಿ. ಅಲ್ಲಿ ಖಾಜಾಭಾಯಿ ಎಂಬ ಹೆಸರಾಂತ ಲಾವಣಿಕಾರರಿದ್ದರು. ಅದೇ ಊರಿನಲ್ಲಿ ಬೆಳೆದ ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಮಧುರಚೆನ್ನರು (1903-1953), ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಗೆಳೆಯರು 1920-30ರ ದಶಕಗಳಲ್ಲಿ ಒಂದು ದೊಡ್ಡ ಕೆಲಸ ಮಾಡಿದರು. ಬೀಸುವ ಕಲ್ಲಿನ ಬಳಿ, ಮದುವೆಯ ಚಪ್ಪರದಲ್ಲಿ, ಜಾತ್ರೆಯ ಕಟ್ಟೆಯಲ್ಲಿ ಜನ ಹಾಡುತ್ತಿದ್ದುದನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಬೇಂದ್ರೆಯವರು ಇವರ ಆಪ್ತರಾಗಿದ್ದರು, ಬಿ.ಎಂ. ಶ್ರೀಕಂಠಯ್ಯನವರಂಥವರು ಈ ಹಾಡುಗಳನ್ನು ಕಂಡು ಬೆರಗಾದರು. ಕನ್ನಡದಲ್ಲಿ ಜಾನಪದ ಸಂಗ್ರಹವೆಂದರೆ ಇಂದಿಗೂ ಮೊದಲು ನೆನಪಾಗುವುದು ಇವೇ ಪುಸ್ತಕಗಳು.

ಇವರಲ್ಲಿ ಸಿಂಪಿ ಲಿಂಗಣ್ಣನವರು ನಮ್ಮಂತೆಯೇ ಶಿಕ್ಷಕರಾಗಿದ್ದವರು. ಮುಂದೆ 1993ರ ಕೊಪ್ಪಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಅವರ ಕಾಲದಲ್ಲಿ ಟೇಪ್ ರೆಕಾರ್ಡರು ಇರಲಿಲ್ಲ, ಮೊಬೈಲು ಇರಲಿಲ್ಲ. ಇದ್ದದ್ದು ಕಿವಿ, ಪೆನ್ಸಿಲು, ತಾಳ್ಮೆ. ಹಾಡುವವರ ಪಕ್ಕದಲ್ಲಿ ಕೂತು, ಅವರಲ್ಲಿ ಒಬ್ಬರಾಗಿ ಬರೆದುಕೊಂಡರು. ಕನ್ನಡ ಶಾಲೆಯ ಮಾಸ್ತರರಿಗೆ ಇದಕ್ಕಿಂತ ಹತ್ತಿರದ ಆದರ್ಶ ಬೇರೆ ಬೇಕೇ?

ಗೆರೆ ಬಿದ್ದ ಮೇಲೆ

1948ಕ್ಕಿಂತ ಮುಂಚೆ ನಮ್ಮ ಸುತ್ತಲಿನ ಆಡಳಿತವೇ ಒಂದು ಕೌದಿಯಂತಿತ್ತು. ಸೊಲ್ಲಾಪುರ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿ, ಅಕ್ಕಲಕೋಟ ಮತ್ತು ಜತ್ತ ಸಂಸ್ಥಾನಗಳಾಗಿ, ಪೂರ್ವಕ್ಕೆ ಅಫಜಲಪುರ, ಆಳಂದ ಕಡೆಯ ಊರುಗಳು ನಿಜಾಮನ ಸೀಮೆಯಲ್ಲಿ. ಹಾಡುಗಾರರು ಈ ಮೂರೂ ಸೀಮೆಗಳಲ್ಲಿ ತಿರುಗಿ ಹಾಡುತ್ತಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ವಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು. ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಉಳಿದು 1960ರ ಮೇ 1ರಂದು ಮಹಾರಾಷ್ಟ್ರಕ್ಕೆ ಸೇರಿತು. ಹೊಳೆಯ ನಡುವೆ ರಾಜ್ಯದ ಗೆರೆ ಬಿತ್ತು.

ಗೆರೆಯಿಂದ ಕಚೇರಿಗಳು ಬದಲಾದವು, ಬಸ್ಸಿನ ಬಣ್ಣ ಬದಲಾಯಿತು, ನೌಕರಿಯ ಭಾಷೆ ಬದಲಾಯಿತು. ನಮ್ಮ ಮಕ್ಕಳ ಕನ್ನಡ ಪಠ್ಯಪುಸ್ತಕ 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯಿಂದ ಬರುತ್ತದೆ, ಅದಕ್ಕೆ ನಾವು ಋಣಿಗಳು. ಆದರೆ ಜಾತ್ರೆಯ ಹಾಡಿಕೆಗೆ ವೀಳ್ಯ ಕೊಡುವಾಗ ಯಾರೂ ನಿಮ್ಮದು ಯಾವ ರಾಜ್ಯ ಎಂದು ಕೇಳಲಿಲ್ಲ. ಇಂಡಿಯ ಮೇಳ ಇಲ್ಲಿಗೆ, ಇಲ್ಲಿಯ ಮೇಳ ಇಂಡಿಗೆ ಹೋಗುತ್ತಲೇ ಇತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಜಾನಪದ ಹಾಡುಗಳನ್ನು ಈ ದಂಡೆಯ ರೈತರೂ ಹೊಲದ ಬದುವಿನ ಮೇಲೆ ಕೂತು ಕೇಳಿದರು. ಮೈಕು ಬಂದಾಗ ಹಾಡುಗಾರನ ದನಿ ಹತ್ತು ಹೊಲದಾಚೆ ಕೇಳತೊಡಗಿತು. ಕ್ಯಾಸೆಟ್ಟು ಬಂದಾಗ ಒಂದು ರಾತ್ರಿಯ ವಾದ ಒಂದು ತಾಸಿಗೆ ಇಳಿಯಿತು. ಮೊಬೈಲು ಬಂದ ಮೇಲೆ ಮೂರು ಮಿನಿಟಿಗೆ ಇಳಿದಿದೆ. ಹಾಡು ಉಳಿದಿದೆ, ಸವಾಲು ಕೇಳಿ ಜವಾಬಿಗಾಗಿ ಕಾಯುವ ವ್ಯವಧಾನ ಮಾತ್ರ ಕಡಿಮೆಯಾಗಿದೆ.

ನಾಲ್ಕನೆಯ ಹೆಸರು

ಒಂದು ವರ್ಷ ತಾಳ ಹಾಕಿದ ಮೇಲೆ ಹಿರಿಯರು ನಮಗೆ ಹೇಳಿದರು: "ಈ ಸಲ ನಿಮ್ಮ ಹುಡುಗರದೂ ಒಂದು ಪದ ಆಗಲಿ ಮಾಸ್ತರ. ಆದರ ಪದ ನೀವ ಕಟ್ಟಬೇಕು." ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಲಕುಂದದ ಭೀಮಕವಿಯಂಥವರು ರಾಷ್ಟ್ರೀಯ ಗೀಗೀ ಪದ ಕಟ್ಟಿ ಹಾಡಿದ್ದು ನಮಗೆ ಗೊತ್ತಿತ್ತು. ನಾವೂ ಸೊಲ್ಲಾಪುರದ ಹುತಾತ್ಮರ ಮೇಲೆ ಪದ ಕಟ್ಟೋಣ ಎಂದುಕೊಂಡೆವು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿಗೆ ಸೊಲ್ಲಾಪುರ ಸಿಡಿದೆದ್ದದ್ದು, ಸರಕಾರ ಊರಿನ ಮೇಲೆ ಮಾರ್ಶಲ್ ಲಾ ಹೇರಿದ್ದು, 1931ರ ಜನವರಿ 12ರಂದು ಪುಣೆಯ ಯೇರವಾಡಾ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ್ದು ಆ ಪದದ ವಸ್ತು.

ಏಳನೆಯ ಇಯತ್ತೆಯ ಮಕ್ಕಳು ನುಡಿ ಹೊಸೆದರು. ಮಲ್ಲಪ್ಪ ಧನಶೆಟ್ಟಿ ಸೇರಿದರು, ಕುರ್ಬಾನ ಹುಸೇನ ಸೇರಿದರು, ಜಗನ್ನಾಥ ಶಿಂದೆ ಸೇರಿದರು. ನಾಲ್ಕನೆಯ ಹೆಸರು ಮಾತ್ರ ಏನು ಮಾಡಿದರೂ ಮಟ್ಟಿಗೆ ಕೂಡಲಿಲ್ಲ. ತಾಲೀಮಿಗೆ ಎರಡೇ ದಿನ ಉಳಿದಿತ್ತು. ನಾವು, ಇತಿಹಾಸ ಕಲಿಸುವ ಮಾಸ್ತರರೇ, "ಇರಲಿ ಬಿಡ್ರಿ, ಮತ್ತೊಬ್ಬ ಗೆಳೆಯ ಅಂತ ಹಾಡೋಣ" ಎಂದುಬಿಟ್ಟೆವು.

ಜಾತ್ರೆಯ ರಾತ್ರಿ. ಒಬ್ಬ ಹುಡುಗನ ಕೈಯಲ್ಲಿ ಡಪ್ಪು, ಇಬ್ಬರ ಹಿಮ್ಮೇಳ. ಈ ಸಲ ಜನ ಕಿವಿಗೊಟ್ಟರು. ಮೂರು ಹೆಸರು ಬಂದವು, ಮೂರಕ್ಕೂ ಹಿಮ್ಮೇಳ ಗಟ್ಟಿಯಾಗಿ ಎತ್ತಿಕೊಂಡಿತು. "ಮತ್ತೊಬ್ಬ ಗೆಳೆಯ" ಎಂದು ಹುಡುಗ ಹಾಡಿದ ಕೂಡಲೇ ಮುಂದಿನ ಸಾಲಿನಿಂದ ಒಬ್ಬ ಮುದುಕರು ಕೋಲು ಊರಿ ಎದ್ದು ನಿಂತರು.

"ತಮ್ಮಾ, ತಡಿ. ಫಾಶಿ ಹಗ್ಗ ನಾಲ್ಕು ಇದ್ದುವು. ಕೊರಳೂ ನಾಲ್ಕು. ನಾಲ್ಕನೇದವಗ ಹೆಸರಿಲ್ಲೇನು?"

ಕಟ್ಟೆ ಮೌನವಾಯಿತು. ಡಪ್ಪು ನಿಂತಿತು. ಹುಡುಗ ನಮ್ಮ ಕಡೆ ನೋಡಿದ. ನಮಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಗ ಹುಡುಗ ಮಾಡಿದ್ದನ್ನು ನಾವು ಕಲಿಸಿರಲಿಲ್ಲ. ಅವನು ಮಟ್ಟು ಬಿಟ್ಟು, ರಾಗ ಬಿಟ್ಟು, ಬರೀ ಮಾತಿನಲ್ಲಿ "ಶ್ರೀಕಿಸನ ಸಾರಡಾ ಅಂತ ಅವರ ಹೆಸರು. ನಮ್ಮ ಪದದಾಗ ಕೂಡಲಿಲ್ಲ, ತಪ್ಪಾತು" ಎಂದ. ಮುದುಕರು "ಹಾಂ" ಎಂದು ಕೂತರು. ನಮ್ಮ ಹಿರಿಯ ಹಾಡುಗಾರರು ತಡಮಾಡದೆ ತುಂತುಣಿ ಎತ್ತಿಕೊಂಡು, ಆ ಹೆಸರನ್ನೇ ಎರಡು ತುಂಡು ಮಾಡಿ, ಎಳೆದು, ಮಟ್ಟಿಗೆ ಕೂಡಿಸಿ ಹಾಡಿ ತೋರಿಸಿದರು. ಹಿಮ್ಮೇಳ "ಗೀ ಗೀ" ಎಂದು ಎತ್ತಿಕೊಂಡಿತು. ಕೂತವರೆಲ್ಲ ತಲೆದೂಗಿದರು.

ಬಂಧುಗಳೇ, ಇಷ್ಟು ವರ್ಷ ನಾವು ಇತಿಹಾಸ ಕಲಿಸಿದ್ದೇವೆ. ಉತ್ತರಪತ್ರಿಕೆಯಲ್ಲಿ ನಾಲ್ಕರಲ್ಲಿ ಮೂರು ಬರೆದವರಿಗೆ ಮುಕ್ಕಾಲು ಅಂಕ ಕೊಟ್ಟಿದ್ದೇವೆ. ಜಾತ್ರೆಯ ಕಟ್ಟೆಯಲ್ಲಿ ಮುಕ್ಕಾಲು ಅಂಕ ಇಲ್ಲ. ಸತ್ತವನ ಹೆಸರು ಮಟ್ಟಿಗೆ ಕೂಡಲಿಲ್ಲ ಎಂದು ಬಿಡಲು ಬರುವುದಿಲ್ಲ, ಮಟ್ಟನ್ನೇ ಹಿಗ್ಗಿಸಬೇಕು. ಆ ಪಾಠವನ್ನು ಮಕ್ಕಳ ಜತೆಗೆ ನಾವೂ ಆ ರಾತ್ರಿ ಕಲಿತೆವು.

ನೆನೆದ ವಹಿ, ನಿಂತ ಬೀಸುವ ಕಲ್ಲು

2020ರ ಅಕ್ಟೋಬರಿನಲ್ಲಿ ಭೀಮೆಗೆ ದೊಡ್ಡ ಮಹಾಪೂರ ಬಂದದ್ದು ಎರಡೂ ದಂಡೆಯವರಿಗೆ ನೆನಪಿದೆ. ನೀರು ಇಳಿದ ಮೇಲೆ ಹಿರಿಯ ಹಾಡುಗಾರರ ಮನೆಗೆ ಹೋದೆವು. ಅಂಗಳದಲ್ಲಿ ಅವರ ಹಾಡಿನ ವಹಿಗಳನ್ನು ಬಿಸಿಲಿಗೆ ಹರವಿದ್ದರು. ಅವರ ಗುರುಗಳ ಕೈಬರಹದ ಪುಟಗಳು ಒಂದಕ್ಕೊಂದು ಅಂಟಿ ಹಪ್ಪಳದಂತಾಗಿದ್ದವು. ಕೆಲವು ಪುಟಗಳಲ್ಲಿ ಶಾಯಿಯೇ ಇಲ್ಲ, ನೀಲಿ ಕಲೆ ಮಾತ್ರ. ಅವರು ಅಳಲಿಲ್ಲ. "ಬಾಯಾಗ ಇದ್ದದ್ದು ಉಳದೈತಿ, ವಹಿಯಾಗ ಇದ್ದದ್ದು ಹೊಳಿ ಒಯ್ದೈತಿ. ಈಗ ಬರಕೋರಿ ಮಾಸ್ತರ, ನನಗೂ ವಯಸ್ಸಾತು" ಎಂದರು.

ಅಂದಿನಿಂದ ರವಿವಾರಕ್ಕೊಮ್ಮೆ ನಾಲ್ಕೈದು ಮಕ್ಕಳು ಅವರ ಮುಂದೆ ಕೂತು ಬರೆದುಕೊಳ್ಳುತ್ತಾರೆ. ಅವರು ಹಾಡುತ್ತಾರೆ, ಒಬ್ಬ ಹುಡುಗಿ ಬರೆಯುತ್ತಾಳೆ, ಇನ್ನೊಬ್ಬಳು ತಿರುಗಿ ಓದಿ ಹೇಳುತ್ತಾಳೆ, ಅವರು ತಿದ್ದುತ್ತಾರೆ. ಶುದ್ಧಲೇಖನಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಮಗೆ ಸಿಕ್ಕಿಲ್ಲ. ಆಡುಮಾತನ್ನು ತಿದ್ದಿ ಪುಸ್ತಕದ ಮಾತು ಮಾಡಬಾರದು ಎಂಬ ಕಟ್ಟುನಿಟ್ಟು ಮಾತ್ರ ಇಟ್ಟುಕೊಂಡಿದ್ದೇವೆ.

ಈ ಮಕ್ಕಳಲ್ಲಿ ಒಬ್ಬಳು ಒಂದು ದಿನ, "ಸರ್, ನಮ್ಮ ಆಯಿಗೂ ಬೀಸೂ ಪದ ಬರ್ತಾವ್ರಿ, ಆದರ ಅಕಿ ಯಾರ ಮುಂದೂ ಹಾಡಂಗಿಲ್ಲ" ಎಂದಳು. ಮನೆಮನೆಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದೆ. ಹೆಣ್ಣುಮಕ್ಕಳ ಶ್ರಮ ಇಳಿಯಿತು, ಅದು ಸಂತೋಷವೇ. ಆದರೆ ಕಲ್ಲಿನ ಜತೆಗೆ ಹಾಡಿಗೆ ಇದ್ದ ಜಾಗವೂ ಹೋಯಿತು. ಕಟ್ಟೆಯ ಮೇಲೆ ಗಂಡಸರಿಗೆ ಮೈಕು ಇತ್ತು. ಕಲ್ಲಿನ ಮುಂದೆ ಕೂತವರಿಗೆ ಎಂದೂ ಇರಲಿಲ್ಲ. ಹುಡುಗಿ ಆಯಿಯಿಂದ ಹತ್ತು ತ್ರಿಪದಿ ಕಲಿತಳು. ಜಾತ್ರೆಯಲ್ಲಿ ಅವಳನ್ನು ಹಾಡಿಸುವಾಗ "ಹೆಣ್ಣಮಕ್ಕಳ ಮನಿ ಹಾಡು ಇಲ್ಲ್ಯಾಕ?" ಎಂದು ಕೆಲವರು ಗೊಣಗಿದರು. ಹಿರಿಯರು ಒಂದೇ ಮಾತು ಹೇಳಿದರು: "ನಾಗೇಶಿ ಹಾಡಿನ್ಯಾಗ ಹೆಣ್ಣ ಹೆಚ್ಚಂತ ಇಡೀ ರಾತ್ರಿ ಹಾಡ್ತೀವಿ. ಹೆಣ್ಣ ಹಾಡಾಕ ಬಂದರ ಬ್ಯಾಡಂದ್ರ, ಆ ವಾದ ಸುಳ್ಳಾತಲ್ಲ?" ಯಾರೂ ಮರುಮಾತಾಡಲಿಲ್ಲ. ಹುಡುಗಿ ಹಾಡಿದಳು. ಗುಡಿಯ ಹಿಂಬದಿಯ ಕತ್ತಲಲ್ಲಿ ಕೂತಿದ್ದ ಹೆಣ್ಣುಮಕ್ಕಳ ಗುಂಪಿನಿಂದ ಎರಡನೆಯ ತ್ರಿಪದಿಗೆ ದನಿಗಳು ಸೇರಿದವು. ಅವಳ ಆಯಿಯ ದನಿಯೂ ಅದರಲ್ಲಿತ್ತು.

ಮೇಳ ಸೇರಬೇಕೆನ್ನುವವರಿಗೆ

ಗಡಿಭಾಗದ ನಮ್ಮ ಶಿಕ್ಷಕ ಮಿತ್ರರಿಗೆ, ಪಾಲಕರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು. ಹಾಡಲು ಅವಸರ ಮಾಡಬೇಡಿ, ಮೊದಲು ಕೇಳಲು ಕೂಡಿರಿ. ಅಮವಾಸ್ಯೆಯ, ಸೋಮವಾರದ ಭಜನೆಗೆ ಹೋಗಲು ಯಾರ ಪತ್ರವೂ ಬೇಕಿಲ್ಲ. ಮಕ್ಕಳ ಕೈಗೆ ಮೈಕು ಕೊಡುವ ಮುಂಚೆ ತಾಳ ಕೊಡಿ. ಇನ್ನೊಬ್ಬರ ಹಾಡಿಗೆ ದನಿಗೂಡಿಸಿದ ಮಗು ಕಟ್ಟೆಗೆ ಹೆದರುವುದಿಲ್ಲ. ಪದ ಬರೆದುಕೊಂಡಾಗ ಅದು ಯಾರಿಂದ ಬಂದಿತು, ಅವರ ಗುರು ಯಾರು ಎಂಬುದನ್ನೂ ಬರೆದಿಡಿ, ಹಾಡಿಗೂ ವಂಶಾವಳಿಯಿದೆ. ಮರಾಠಿ ಅಭಂಗ ಹಾಡುವ ನೆರೆಯವರು ಬಂದರೆ ಅವರಿಗೂ ಹಿಮ್ಮೇಳ ಕೊಡಿ, ಅವರು ನಮಗೆ ಕೊಡುತ್ತಾರೆ. ನಮ್ಮಲ್ಲಿ ಹಾಗೆಯೇ ನಡೆದಿದೆ.

ಕನ್ನಡ ಶಾಲೆಗಳ ಪಟಸಂಖ್ಯೆಯ ಚಿಂತೆ ನಮ್ಮೆಲ್ಲರಿಗೂ ಇದೆ. ಹಾಡಿಕೆಯಿಂದ ಆ ಚಿಂತೆ ಪೂರ್ತಿ ಕಳೆಯುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಕನ್ನಡವೆಂದರೆ ಪರೀಕ್ಷೆಯ ಒಂದು ವಿಷಯ ಮಾತ್ರ ಎಂದುಕೊಂಡಿದ್ದ ಮಕ್ಕಳಿಗೆ, ಅದರಲ್ಲಿ ಸವಾಲು ಹಾಕಬಹುದು, ಜವಾಬು ಕೊಡಬಹುದು, ತಪ್ಪಿದರೆ ಊರವರ ಮುಂದೆ ಒಪ್ಪಿಕೊಂಡು ತಿದ್ದಿಕೊಳ್ಳಬಹುದು ಎಂದು ತೋರಿಸಿದ್ದು ಆ ಕಟ್ಟೆ.

ಪುಣೆಯ ಹುಡುಗ ಮೊನ್ನೆ ಫೋನು ಮಾಡಿದ್ದ. ಅಲ್ಲಿಯ ಓಪನ್ ಮೈಕಿನಲ್ಲಿ ಹೆಸರು ಬರೆಸಿ, ನಮ್ಮ ಮಕ್ಕಳ ಹುತಾತ್ಮರ ಪದವನ್ನೇ ಹಾಡಿದನಂತೆ. ಭಾಷೆ ತಿಳಿಯದವರೂ ನಾಲ್ಕು ಹೆಸರು ಕೇಳಿ ಚಪ್ಪಾಳೆ ತಟ್ಟಿದರಂತೆ. ನಾವು ಕೇಳಿದ್ದು ಒಂದೇ ಮಾತು: "ನಾಲ್ಕೂ ಹೇಳಿದೆಯೇನೋ?"

"ನಾಲ್ಕೂ ಹೇಳೀನ್ರಿ ಸರ್. ಆದರ ಹಿಮ್ಮೇಳಕ್ಕ ಯಾರೂ ಇರಲಿಲ್ಲ."

ಮುಂದಿನ ಜಾತ್ರೆಗೆ ಬಾ ಎಂದೆವು. ನೀವೂ ಬನ್ನಿ. ಜಾಗವಿದೆ, ತಾಳವೂ ಇದೆ.